ಆರು ವರ್ಷದ ಮಗನಿಗೆ ಡರ್ಟ್ ಬೈಕ್: ಎಷ್ಟು ಸಿಸಿ ಅನ್ನುವ ಮೊದಲು ಎಲ್ಲಿ ಅಂತ ಕೇಳಿ

ಪ್ರಶ್ನೆ: ನಮ್ಮ ಮನೆ ಬೈಕುಲ್ಲಾದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿ. ಮಗನಿಗೆ ಈ ಜೂನ್‌ಗೆ ಆರು ತುಂಬುತ್ತದೆ. ಪುಣೆಯಲ್ಲಿ ಸೂಪರ್‌ಕ್ರಾಸ್ ರೇಸ್ ನೋಡಿಕೊಂಡು ಬಂದಾಗಿನಿಂದ ತನಗೂ ಅಂಥದ್ದೇ ಬೈಕ್ ಬೇಕೆಂದು ಹಟ ಹಿಡಿದಿದ್ದಾನೆ. ಯಜಮಾನರು ಆನ್‌ಲೈನ್‌ನಲ್ಲಿ 49 ಸಿಸಿಯ ಪುಟ್ಟ ಪೆಟ್ರೋಲ್ ಬೈಕ್ ಒಂದನ್ನು ನೋಡಿಟ್ಟಿದ್ದಾರೆ, ಬೆಲೆ 35,000 ರೂಪಾಯಿ. ಹುಟ್ಟುಹಬ್ಬಕ್ಕೆ ಕೊಡಿಸುವ ಯೋಚನೆ. ಅತ್ತೆಯವರು ಸುತರಾಂ ಬೇಡ ಅನ್ನುತ್ತಾರೆ. ನಮ್ಮ ಊರು ಕಾರ್ಕಳದ ಹತ್ತಿರ, ರಜೆಗೆ ತಪ್ಪದೆ ಹೋಗುತ್ತೇವೆ. ಇಷ್ಟು ಚಿಕ್ಕ ಮಗುವಿಗೆ ಬೈಕ್ ಕೊಡಿಸಬಹುದೇ? ಕೊಡಿಸುವುದಾದರೆ ಯಾವುದು?
ಓದುಗರು, ಬೈಕುಲ್ಲಾ, ಮುಂಬೈ

ಉತ್ತರ: ಕೊಡಿಸಬಹುದು. ಆದರೆ ಯಜಮಾನರು ನೋಡಿಟ್ಟಿರುವ ಆ ಪೆಟ್ರೋಲ್ ಬೈಕ್ ಬೇಡ. ಓಡಿಸುವ ಜಾಗ ಖಾತ್ರಿಯಾಗುವ ತನಕ ಬೇರೆ ಯಾವ ಬೈಕೂ ಬೇಡ. ಮಕ್ಕಳ ಬೈಕಿನ ಮಾತು ಬಂದಾಗ ಎಲ್ಲರೂ ಕೇಳುವುದು ಎಷ್ಟು ಸಿಸಿ, ಯಾವ ಕಂಪನಿ, ಎಷ್ಟು ಸ್ಪೀಡ್ ಅಂತ. ನಾನು ಮೊದಲು ಕೇಳುವುದು ಎಲ್ಲಿ ಓಡಿಸುತ್ತೀರಿ ಅಂತ. ಬೈಕುಲ್ಲಾದಂಥ ಕಡೆ ಇದಕ್ಕೆ ಉತ್ತರ ಸಿಕ್ಕಿತೆಂದರೆ ಯಾವ ಬೈಕ್ ಅನ್ನುವುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮಕ್ಕಳ ಅಳತೆಯ ಬೈಕ್ ಹುಟ್ಟಿದ್ದೇ ಬೇಲಿಯ ಒಳಗೆ. 1961ರಲ್ಲಿ ಹೋಂಡಾ ಕಂಪನಿ ಟೋಕಿಯೊ ಪಶ್ಚಿಮದ ಹೊರವಲಯದಲ್ಲಿ ತಾಮಾ ಟೆಕ್ ಎಂಬ ಮನರಂಜನಾ ಪಾರ್ಕ್ ತೆರೆಯಿತು. ಅಲ್ಲಿಗೆ ಬರುವವರು ಪಾರ್ಕಿನೊಳಗೇ ಓಡಿಸಲಿ ಅಂತ 49 ಸಿಸಿಯ ಪುಟಾಣಿ ಬೈಕೊಂದನ್ನು ತಯಾರಿಸಿತು. ಅದರ ಹೆಸರು ಝಡ್100. ಮುಂದೆ ‘ಮಂಕಿ’ ಎಂದು ಹೆಸರಾದ ಬೈಕುಗಳಿಗೆ ಅದೇ ಮೂಲ. 1981ರಲ್ಲಿ ಯಮಹಾ ಕಂಪನಿ ಪಿಡಬ್ಲ್ಯೂ50 ತಂದಿತು. ಗೇರ್ ಇಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ, ಬೆರಳು ಸಿಕ್ಕಿಕೊಳ್ಳುವ ಚೈನ್ ಕೂಡ ಇಲ್ಲ, ಚೈನಿನ ಬದಲು ಶಾಫ್ಟ್. ಎಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಅಪ್ಪ ಅಮ್ಮ ಒಂದು ಸ್ಕ್ರೂ ತಿರುಗಿಸಿ ಮಿತಿ ಹಾಕಬಹುದು. ನಾಲ್ಕು ದಶಕ ಕಳೆದರೂ ಆ ಬೈಕ್ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಮಕ್ಕಳ ಮೊದಲ ಬೈಕಿಗೆ ಏನೇನು ಬೇಕೆಂದು ಅದನ್ನು ಮಾಡಿದವರು ಅಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ಝಡ್100 ಆಗಲಿ ಪಿಡಬ್ಲ್ಯೂ50 ಆಗಲಿ ರಸ್ತೆಗೆಂದು ಮಾಡಿದ್ದಲ್ಲ. ದೀಪವಿಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟ್‌ಗೆ ಜಾಗವೂ ಇಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ವಾಹನ ಓಡಿಸಲು 18 ತುಂಬಿರಬೇಕು. 50 ಸಿಸಿ ಮೀರದ ಬೈಕಿಗೆ ಮಾತ್ರ 16. ‘ಇದು ಆಟಿಕೆ, ವಾಹನ ಅಲ್ಲ’ ಎಂದು ಮಾರುವವರು ಹೇಳುತ್ತಾರೆ, ನಂಬಬೇಡಿ. ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಯ ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಕಾಯ್ದೆ ಅದನ್ನು ಮೋಟಾರು ವಾಹನದ ಲೆಕ್ಕದಿಂದ ಬಿಡುತ್ತದೆ. ನೀವು ನೋಡಿದ್ದು 49. ಬ್ಯಾಟರಿ ಗಾಡಿಯಾದರೆ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತಲೂ, ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆ ಇರಬೇಕು. ಮಕ್ಕಳ ಎಲೆಕ್ಟ್ರಿಕ್ ಡರ್ಟ್ ಬೈಕುಗಳಲ್ಲೂ ಹಲವು ಈ ಮಿತಿ ದಾಟುತ್ತವೆ. ಇನ್ನು 2019ರ ತಿದ್ದುಪಡಿ ನೇರವಾಗಿ ಹೆತ್ತವರನ್ನೇ ಹಿಡಿಯುತ್ತದೆ. ಮಗು ಬೀದಿಯಲ್ಲಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಕೂಡ ಸಿಗುವುದಿಲ್ಲ. ಸಾರ್ವಜನಿಕ ಜಾಗ ಅಂದರೆ ಡಾಂಬರು ರಸ್ತೆ ಮಾತ್ರ ಅಲ್ಲ. ಜನರಿಗೆ ಹೋಗಿಬರುವ ಹಕ್ಕಿರುವ ಓಣಿ, ಗಲ್ಲಿ, ಮೈದಾನ ಎಲ್ಲವೂ ಸೇರುತ್ತವೆ.

ಈಗ ನಿಮ್ಮ ಸುತ್ತಮುತ್ತ ನೋಡಿ. ರಾಣಿ ಬಾಗ್ ನಡೆದಾಡುವವರದ್ದು, ಮಹಾಲಕ್ಷ್ಮಿ ರೇಸ್‌ಕೋರ್ಸ್ ಕುದುರೆಗಳದ್ದು, ಅಗ್ರಿಪಾಡಾದ ಮೈದಾನ ಚೆಂಡಾಟದವರದ್ದು. ಜೆ.ಜೆ. ಫ್ಲೈಓವರ್ ಮೇಲೆ ದೊಡ್ಡವರ ಬೈಕಿಗೇ ಪ್ರವೇಶವಿಲ್ಲ. ಗಿರ್ಗಾಂವ್ ಚೌಪಾಟಿಯ ಮರಳು ಕಂಡು ಆಸೆಪಟ್ಟರೆ ಪೊಲೀಸರು ಬರುತ್ತಾರೆ. ಕೊನೆಗೆ ಉಳಿಯುವುದು ಕಟ್ಟಡದ ಕಾಂಪೌಂಡ್. ಅಲ್ಲಿ ನಿಂತ ಸ್ಕೂಟರುಗಳು, ಸಂಜೆ ಕುರ್ಚಿ ಹಾಕಿಕೊಂಡು ಕೂರುವ ಹಿರಿಯರು, ಗೇಟಿನಿಂದ ನೇರ ಒಳಗೆ ಬರುವ ಟೆಂಪೊ. ಸೊಸೈಟಿಯವರು ಒಪ್ಪಿದರೂ ಅದು ಕಲಿಯುವ ಜಾಗವಲ್ಲ. ಕಾಂಕ್ರೀಟ್ ಮೇಲೆ ಬಿದ್ದ ಮಗುವಿಗೂ ಮಣ್ಣಿನ ಮೇಲೆ ಬಿದ್ದ ಮಗುವಿಗೂ ಆಗುವ ಪೆಟ್ಟು ಒಂದೇ ಅಲ್ಲ.

ಹಾಗಾಗಿ ನಿಮಗೆ ನಿಜವಾಗಿ ದಕ್ಕುವ ಜಾಗ ಎರಡೋ ಮೂರೋ. ಕರ್ಜತ್, ಪನ್ವೇಲ್ ಕಡೆ ಪರಿಚಯದವರ ತೋಟವೋ ಖಾಲಿ ಜಮೀನೋ ಇದ್ದರೆ, ಮಾಲೀಕರ ಒಪ್ಪಿಗೆ ಪಡೆದು ಭಾನುವಾರ ಬೆಳಿಗ್ಗೆ ಹೋಗಬಹುದು. ಪುಣೆ ಸುತ್ತಮುತ್ತ ಡರ್ಟ್ ಬೈಕ್ ಕಲಿಸುವವರಿದ್ದಾರೆ. ಮೋಟೋಕ್ರಾಸ್‌ಗೂ ಆ ಊರಿಗೂ ಹಳೆಯ ನಂಟು, 2024ರ ಜನವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾಗಿದ್ದೂ ಅಲ್ಲಿಯ ಬಾಳೇವಾಡಿಯ ಕ್ರೀಡಾಂಗಣದಲ್ಲಿ. ಮೂರನೆಯದು ಊರಿನ ಗದ್ದೆ. ಇವುಗಳಲ್ಲಿ ಒಂದಾದರೂ ಖಾತ್ರಿಯಿದ್ದರೆ ಮುಂದೆ ಓದಿ. ಇಲ್ಲವಾದರೆ ಆ ಹಣದಲ್ಲಿ ಒಳ್ಳೆಯ ಸೈಕಲ್ ಕೊಡಿಸಿ, ಮಗುವಿಗೆ ಏನೂ ನಷ್ಟವಿಲ್ಲ.

ಸೈಕಲ್ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಮಗ ಸೈಡ್ ಚಕ್ರವಿಲ್ಲದ ಸೈಕಲ್ ಓಡಿಸುತ್ತಾನೆಯೇ? ಓಡಿಸುತ್ತ ಎರಡೂ ಕೈಯಿಂದ ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಎಳೆಯದೆ, ನೀವು ‘ನಿಲ್ಲು’ ಎಂದ ಕಡೆ ನಿಲ್ಲುತ್ತಾನೆಯೇ? ಇಲ್ಲವಾದರೆ ಮೋಟಾರಿನ ಮಾತೇ ಬೇಡ. ಬ್ಯಾಲೆನ್ಸ್ ಬರದ ಮಗು ಎಂಜಿನ್ ಬೈಕಿನ ಮೇಲೆ ಬ್ಯಾಲೆನ್ಸ್, ಬ್ರೇಕ್, ರೇಸ್ ಮೂರನ್ನೂ ಒಂದೇ ಕ್ಷಣದಲ್ಲಿ ಕಲಿಯಬೇಕಾಗುತ್ತದೆ. ಮೂರರಲ್ಲಿ ಎರಡು ಮೊದಲೇ ಮೈಗೂಡಿದ್ದರೆ ಉಳಿದದ್ದು ಸುಲಭ. ಕಾಲ್ಬಾದೇವಿಯ ಸೈಕಲ್ ಅಂಗಡಿಗಳಲ್ಲಿ ಮಗುವನ್ನು ಕೂರಿಸಿ ನೋಡಿಯೇ ಕೊಳ್ಳಬಹುದು. ಇನ್ನೂ ಚಿಕ್ಕ ಮಕ್ಕಳಿಗಾದರೆ ಪೆಡಲೇ ಇಲ್ಲದ, ಕಾಲಿನಿಂದ ನೆಲ ಒದ್ದು ಹೋಗುವ ಬ್ಯಾಲೆನ್ಸ್ ಬೈಕ್ ಒಳ್ಳೆಯದು. ಅದು ಹೊಸದೇನಲ್ಲ, ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ ಮೊದಲ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ. ಮುಂಬೈ ಪೊಲೀಸರು 2022ರಲ್ಲಿ ಶುರುಮಾಡಿದ್ದ ‘ಸಂಡೇ ಸ್ಟ್ರೀಟ್ಸ್’ನಂಥ ಏರ್ಪಾಡು ಎಲ್ಲಾದರೂ ಇದ್ದರೆ, ವಾಹನ ಸಂಚಾರ ನಿಲ್ಲಿಸಿದ ರಸ್ತೆಯಲ್ಲಿ, ಸೈಕಲ್ ಅಭ್ಯಾಸ ಆರಾಮವಾಗಿ ಆಗುತ್ತದೆ.

ಇನ್ನು ಬೈಕಿನ ಅಳತೆ. ಇದಕ್ಕೆ ಟೇಪ್ ಹಿಡಿಯಿರಿ, ಅಂದಾಜು ಬೇಡ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಗಳ ನಡುವೆ ಒಂದು ಗಟ್ಟಿ ಪುಸ್ತಕ ಹಿಡಿಸಿ ಮೇಲಕ್ಕೆ ತಾಗಿಸಿ, ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟು ಸೆಂಟಿಮೀಟರ್ ಎಂದು ಬರೆದುಕೊಳ್ಳಿ. ಆರು ವರ್ಷದವರಿಗೆ ಸಾಮಾನ್ಯವಾಗಿ ಐವತ್ತರ ಆಸುಪಾಸು ಬರುತ್ತದೆ. ಮೊದಲ ಬೈಕಿನ ಸೀಟು ಇದಕ್ಕಿಂತ ಕೆಳಗಿರಬೇಕು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತುದಿಬೆರಳು ತಾಗಿದರೆ ಸಾಲದು. ಸ್ಕೂಲ್ ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದೇ ಹೊಲಿಸುವುದು ನಮ್ಮ ಮನೆಗಳ ರೂಢಿ, ಬೈಕಿಗೆ ಆ ಲೆಕ್ಕ ನಡೆಯುವುದಿಲ್ಲ. ‘ಎರಡು ವರ್ಷ ಬರಲಿ’ ಎಂದು ಎತ್ತರದ್ದು ತಂದರೆ ಮಗು ಆ ಎರಡು ವರ್ಷವೂ ಹೆದರಿಕೊಂಡೇ ಓಡಿಸುತ್ತದೆ. ಹೆದರಿದ ಮಗು ಸರಿಯಾಗಿ ಕಲಿಯುವುದಿಲ್ಲ, ಅದಕ್ಕಿಂತ ಹೆಚ್ಚಾಗಿ, ಬೀಳುತ್ತದೆ.

ತೂಕವೂ ಅಷ್ಟೇ ಮುಖ್ಯ. ಆರು ವರ್ಷದ ಹುಡುಗ ಸುಮಾರು 20 ಕಿಲೋ ಇರುತ್ತಾನೆ. ನಾನು ಹೊಗಳಿದ ಪಿಡಬ್ಲ್ಯೂ50 ಸುಮಾರು 40 ಕಿಲೋ, ಅಂದರೆ ಹುಡುಗನ ಎರಡರಷ್ಟು. ಅದರ ಸೀಟು 47.5 ಸೆಂಟಿಮೀಟರ್, ಅದು ಸರಿಹೋಗುತ್ತದೆ. ಆದರೆ ಅದು ಹೊರಬಹುದಾದ ಭಾರ 25 ಕಿಲೋ ಎಂದು ಕಂಪನಿಯೇ ಹೇಳುತ್ತದೆ. ಹೆಲ್ಮೆಟ್, ಬೂಟು, ಗಾರ್ಡುಗಳನ್ನು ಸೇರಿಸಿದರೆ ನಿಮ್ಮ ಮಗ ಆ ಗೆರೆಯ ಹತ್ತಿರವೇ ಇದ್ದಾನೆ. ಹೋಂಡಾದ ಸಿಆರ್‌ಎಫ್50ಎಫ್ 40 ಕಿಲೋ ತನಕ ಹೊರುತ್ತದೆ, ಆದರೆ ಸೀಟು ಸುಮಾರು 55 ಸೆಂಟಿಮೀಟರ್, ತೂಕ 50 ಕಿಲೋ, ಮೂರು ಗೇರ್, ಹಿಂದಿನ ಬ್ರೇಕ್ ಕಾಲಿನಲ್ಲಿ. ಸೈಕಲ್‌ನಿಂದ ಬಂದ ಮಗುವಿಗೆ ಕಾಲಿನ ಬ್ರೇಕ್ ಹೊಸ ಪಾಠ. ಇವೆರಡೂ ಭಾರತದ ಶೋರೂಮುಗಳಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಸುಜುಕಿ ಕಂಪನಿ 2018ರಲ್ಲಿ ಡಿಆರ್-ಝಡ್50 ಎಂಬ ಮಕ್ಕಳ ಬೈಕನ್ನು ಇಲ್ಲಿ ಬಿಡುಗಡೆ ಮಾಡಿದಾಗ ಬೆಲೆ 2.55 ಲಕ್ಷ ಇತ್ತು. ಅದರ ಸೀಟು 56 ಸೆಂಟಿಮೀಟರ್, ತೂಕ 54 ಕಿಲೋ. ಕವಾಸಾಕಿಯ ಕೆಎಲ್‌ಎಕ್ಸ್110 ಕೂಡ ಇಲ್ಲಿಗೆ ಬಂದಿತ್ತು, ಆದರೆ 68 ಸೆಂಟಿಮೀಟರ್ ಸೀಟು, 76 ಕಿಲೋ ತೂಕ. ಅದು ಹತ್ತು ವರ್ಷದ ಆಚೀಚಿನ ಮಕ್ಕಳದ್ದು. ಆರು ವರ್ಷದವನಿಗೆ ಬೇಡವೇ ಬೇಡ.

ಈಗ ಆ 35,000 ರೂಪಾಯಿಯ ಬೈಕಿಗೆ ಬರೋಣ. ಹೆಸರಿಲ್ಲದ, ಅಥವಾ ವರ್ಷಕ್ಕೊಂದು ಹೆಸರಿನಲ್ಲಿ ಬರುವ ಈ 49 ಸಿಸಿ ಟೂ-ಸ್ಟ್ರೋಕ್ ಬೈಕುಗಳು ಫೋಟೊದಲ್ಲಿ ದೊಡ್ಡವರ ಮೋಟೋಕ್ರಾಸ್ ಬೈಕಿನ ಪಡಿಯಚ್ಚು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಆರು ವರ್ಷದ ಕೈಗೆ ಅದು ಆಗದ ಕೆಲಸ. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಅಳೆದು ಬೆರೆಸಬೇಕು. 25ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 40 ಎಂಎಲ್. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ ಬೈಕ್ ನಿಲ್ಲುತ್ತದೆ. ಇದೆಲ್ಲ ಅಪ್ಪ ಮಾಡಿಯಾರು. ನನ್ನ ಚಿಂತೆ ಕ್ಲಚ್ಚಿನದು. ಈ ಬೈಕುಗಳಲ್ಲಿ ಎಂಜಿನ್ನಿನ ವೇಗ ಏರಿದಾಗ ತಾನಾಗಿ ಹಿಡಿಯುವ ಕ್ಲಚ್ ಇರುತ್ತದೆ. ಒಳ್ಳೆಯ ಬೈಕಿನಲ್ಲಿ ಅದು ಮೆಲ್ಲಗೆ ಹಿಡಿಯುತ್ತದೆ. ಅಗ್ಗದ್ದರಲ್ಲಿ ರೇಸ್ ಕೊಡುತ್ತ ಹೋದರೂ ಏನೂ ಆಗುವುದಿಲ್ಲ, ಮಗು ಇನ್ನಷ್ಟು ಕೊಡುತ್ತದೆ, ಆಗ ಒಮ್ಮೆಲೇ ಹಿಡಿದು ಬೈಕ್ ಜಿಗಿಯುತ್ತದೆ. ಇನ್ನು ಮೂರನೇ ಮಹಡಿಗೆ ಅದನ್ನು ಹೊತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟುಕೊಂಡು, ಗ್ಯಾಸ್ ಒಲೆ ಇರುವ ಮನೆಯಲ್ಲೋ ಎಲ್ಲರೂ ಓಡಾಡುವ ಮೆಟ್ಟಿಲ ಕೆಳಗೋ ನಿಲ್ಲಿಸುವುದು. ಇದನ್ನು ನಾನು ಯಾವ ಬೆಲೆಗೂ ಒಪ್ಪುವುದಿಲ್ಲ.

ನಿಮ್ಮ ಮನೆಗೆ ಸರಿಹೊಂದುವುದು ಎಲೆಕ್ಟ್ರಿಕ್ ಬೈಕ್. ಹೊಗೆಯಿಲ್ಲ, ಕಾಲು ಸುಡುವ ಸೈಲೆನ್ಸರ್ ಇಲ್ಲ, ಸದ್ದಿಲ್ಲದ್ದರಿಂದ ನೀವು ಹೇಳಿದ್ದು ಮಗುವಿಗೆ ಕೇಳುತ್ತದೆ. ಕಲಿಸುವಾಗ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಪಕ್ಕದಲ್ಲಿ ಓಡಿದವರಿಗೇ ಗೊತ್ತು. ವೇಗಕ್ಕೆ ಮಿತಿ ಹಾಕಬಹುದು. ಹೀರೋ ಕಂಪನಿಯ ವಿಡಾ ವಿಭಾಗ 2025ರ ಡಿಸೆಂಬರ್‌ನಲ್ಲಿ ಡರ್ಟ್.ಇ ಕೆ3 ಎಂಬ ಮಕ್ಕಳ ಬೈಕ್ ಬಿಡುಗಡೆ ಮಾಡಿತು, ಆರಂಭಿಕ ಬೆಲೆ 69,990 ರೂಪಾಯಿ. ನಾಲ್ಕರಿಂದ ಹತ್ತು ವರ್ಷದವರಿಗೆ ಎಂದು ಕಂಪನಿ ಹೇಳುತ್ತದೆ. ತೂಕ 22 ಕಿಲೋ. ಮಗು ಬೆಳೆದಂತೆ ಬೈಕಿನ ಎತ್ತರವನ್ನು ಮೂರು ಹಂತದಲ್ಲಿ ಏರಿಸಬಹುದು, ಅತಿ ಕೆಳಗಿನ ಹಂತದಲ್ಲಿ ಸೀಟು ಸುಮಾರು 45 ಸೆಂಟಿಮೀಟರ್. ಬ್ಯಾಟರಿ ಕಳಚಿ ಮನೆಗೆ ತಂದು ಚಾರ್ಜ್ ಮಾಡಬಹುದು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್, ಅದಕ್ಕಿಂತ ಕಡಿಮೆಗೆ ಮಿತಿ ಹಾಕುವ ಸೌಲಭ್ಯವಿದೆ. ಮೋಟಾರ್ 500 ವ್ಯಾಟ್, ಆದ್ದರಿಂದ ರಸ್ತೆಯ ಮಾತು ಇದಕ್ಕೂ ಇಲ್ಲ. 22 ಕಿಲೋ ಎಂದರೆ ಮೂರು ಮಹಡಿ ಇಳಿಸಿ ಕಾರಿನ ಹಿಂದಿನ ಸೀಟು ಮಡಚಿ ಮಲಗಿಸಬಹುದಾದ ತೂಕ. ಹೊರದೇಶದಲ್ಲಿ ಸ್ಟೇಸಿಕ್ ಎಂಬ ಇನ್ನೂ ಹಗುರವಾದ ಎಲೆಕ್ಟ್ರಿಕ್ ಬ್ಯಾಲೆನ್ಸ್ ಬೈಕ್ ಜನಪ್ರಿಯವಾಗಿದೆ, ಆ ಕಂಪನಿಯನ್ನು 2019ರಲ್ಲಿ ಹಾರ್ಲೆ-ಡೇವಿಡ್‌ಸನ್ ಕೊಂಡುಕೊಂಡಿತು. ಅದರ ಚಿಕ್ಕ ಮಾದರಿ 8 ಕಿಲೋ ಆಸುಪಾಸು, ಸೀಟು 33 ಸೆಂಟಿಮೀಟರ್. ನಾಲ್ಕು ವರ್ಷದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ನಿಮ್ಮ ಹುಡುಗನಿಗಾದರೆ ದೊಡ್ಡ ಮಾದರಿ ಬೇಕು, ಅದೂ ಬೇಗ ಚಿಕ್ಕದಾಗುತ್ತದೆ.

ಎಲೆಕ್ಟ್ರಿಕ್ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಮುಟ್ಟಿದ ತಕ್ಷಣ ಎಳೆಯುವುದು ಮೋಟಾರಿನ ಸ್ವಭಾವ. ಬೈಕ್ ಆನ್ ಆಗಿದೆಯೋ ಇಲ್ಲವೋ ಎಂದು ಸದ್ದಿನಿಂದ ತಿಳಿಯುವುದಿಲ್ಲ. ಮಗು ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ತಿರುಗಿಸುವಾಗ ಕೈ ಜಾರಿ ರೇಸ್ ಬಿದ್ದರೆ ಬೈಕ್ ಒಬ್ಬಂಟಿಯಾಗಿ ಓಡುತ್ತದೆ. ಇಳಿದ ತಕ್ಷಣ ಆಫ್ ಮಾಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ. ಮಣಿಕಟ್ಟಿಗೆ ಕಟ್ಟುವ ದಾರವಿದ್ದು, ಬಿದ್ದಾಗ ಅದು ಕಳಚಿ ಮೋಟಾರ್ ನಿಲ್ಲುವ ವ್ಯವಸ್ಥೆ ಇರುವ ಬೈಕನ್ನೇ ಆರಿಸಿ.

ಯಾವುದೇ ಬೈಕ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಮಗುವನ್ನು ಕೂರಿಸಿ ಬ್ರೇಕ್ ಲಿವರ್ ಮೇಲೆ ಬೆರಳಿಡಿಸಿ ನೋಡಿ. ಹಿಡಿಕೆ ಬಿಡದೆ ಬೆರಳ ಗೆಣ್ಣು ಲಿವರಿನ ಮೇಲೆ ಕೂರಬೇಕು. ಬರೀ ಉಗುರು ತಾಗಿದರೆ ಒತ್ತಲು ಬಲ ಸಾಲದು. ಲಿವರನ್ನು ಹತ್ತಿರಕ್ಕೆ ತರುವ ಚಿಕ್ಕ ಸ್ಕ್ರೂ ಇರುತ್ತದೆ, ಅಲ್ಲೇ ಸರಿ ಮಾಡಿಸಿಕೊಳ್ಳಿ. ಆಮೇಲೆ ನೀವೇ ಎಕ್ಸಿಲರೇಟರ್ ತಿರುಗಿಸಿ ಕೈ ಬಿಡಿ. ಅದು ಟಪ್ಪನೆ ಹಿಂದಕ್ಕೆ ಬರಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ, ಬಲಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ನೋಡಿ. ಕೇಬಲ್ ಬಿಗಿಯಾಗಿ ಹಾಕಿದ್ದರೆ ಹ್ಯಾಂಡಲ್ ತಿರುಗಿದಾಗ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಹೊಸದಾಗಿ ಕೂತ ಮಗು ಬೀಳುವುದು ಹೇಗೆಂದು ತಿಳಿದುಕೊಂಡರೆ ಕಲಿಸುವುದು ಸುಲಭ. ಬೈಕ್ ಮುಂದಕ್ಕೆ ಎಳೆದಾಗ ಮೈ ಹಿಂದಕ್ಕೆ ವಾಲುತ್ತದೆ, ಕೈ ನೀಳವಾಗುತ್ತದೆ, ಗಾಬರಿಯಲ್ಲಿ ಮುಷ್ಟಿ ಬಿಗಿಯುತ್ತದೆ. ಮೊಣಕೈ ಕೆಳಗಿಳಿದು ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಆ ಮಡಚುವಿಕೆಯೇ ಎಕ್ಸಿಲರೇಟರನ್ನು ಇನ್ನಷ್ಟು ತೆರೆಯುತ್ತದೆ. ಬೈಕ್ ಇನ್ನೂ ಜೋರಾಗಿ ಎಳೆಯುತ್ತದೆ, ಮಗು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ದೂರದಿಂದ ‘ಬಿಡು, ಬಿಡು’ ಎಂದು ಕೂಗಿದರೆ ಆ ಹೊತ್ತಿಗೆ ಅದರ ಕಿವಿಗೆ ಏನೂ ಬೀಳುವುದಿಲ್ಲ. ಆದ್ದರಿಂದ ಮೊದಲ ದಿನ ಮೋಟಾರ್ ಆಫ್ ಇರಲಿ. ನೀವು ಹಿಂದಿನಿಂದ ಸೀಟು ಹಿಡಿದು ತಳ್ಳಿ. ತಳ್ಳುತ್ತ ಒಮ್ಮೆ ಸ್ವಲ್ಪ ಜೋರು ಕೊಟ್ಟು ಅವನ ಬಲಗೈಯನ್ನೇ ನೋಡಿ. ಮಣಿಕಟ್ಟು ಮಡಚಿತೇ, ಬೆರಳು ಬ್ರೇಕಿಗೆ ಹೋಯಿತೇ? ಹತ್ತು ಸಲ ತಳ್ಳಿದರೂ ಬೆರಳು ತಾನಾಗಿ ಬ್ರೇಕಿಗೆ ಹೋಗುವಂತಾದ ಮೇಲೆ ಮೋಟಾರ್ ಆನ್ ಮಾಡಿ, ಅತಿ ಕಡಿಮೆ ವೇಗದಲ್ಲಿ. ಆಗಲೂ ನಿಮ್ಮ ಕೈ ಸೀಟಿನ ಹಿಂಬದಿಯಲ್ಲಿರಲಿ, ಹ್ಯಾಂಡಲ್ ಮೇಲೆ ಬೇಡ. ಹ್ಯಾಂಡಲ್ ಹಿಡಿದರೆ ತಿರುಗಿಸುವವರು ನೀವಾಗುತ್ತೀರಿ, ಅವನಲ್ಲ.

ಹೆಲ್ಮೆಟ್ಟಿಗೆ ಕಂಜೂಸಿ ಬೇಡ. ಹುಬ್ಬಿನ ಮೇಲೆ ತಲೆಯ ಸುತ್ತಳತೆ ತೆಗೆದು, ಮುಖ ಪೂರ್ತಿ ಮುಚ್ಚುವ, ಐಎಸ್ಐ ಗುರುತಿನ, ಐಎಸ್ 4151 ಎಂದು ಬರೆದಿರುವ ಮಕ್ಕಳ ಹೆಲ್ಮೆಟ್ ಕೊಳ್ಳಿ. ಸಿಗುವುದರಲ್ಲಿ ಹಗುರವಾದದ್ದನ್ನೇ ಆರಿಸಿ, ಮಕ್ಕಳ ಕತ್ತು ಎಳೆಯದು, ದೊಡ್ಡವರ ಹೆಲ್ಮೆಟ್ ಹೊರಿಸಬಾರದು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ, ಕಳಚಿ ಬಂದರೆ ಆ ಸೈಜ್ ಬೇಡ. ಒಮ್ಮೆ ಜೋರಾಗಿ ಪೆಟ್ಟಾದ ಹೆಲ್ಮೆಟನ್ನು ಮತ್ತೆ ಹಾಕಿಸಬೇಡಿ. ಮೊಣಕಾಲು, ಮೊಣಕೈ, ಎದೆಗೆ ಗಾರ್ಡ್, ಬೆರಳು ಮುಚ್ಚುವ ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಧೂಳಿಗೆ ಕನ್ನಡಕ, ಇಷ್ಟೂ ಬೇಕು. ಬೈಕಿಗೆಂದು ತೆಗೆದಿಟ್ಟ ಹಣದಲ್ಲಿ ಕಾಲು ಭಾಗ ಇದಕ್ಕೇ ಮೀಸಲಿಡಿ.

ಊರಿನ ವಿಷಯ. ಕೊಯ್ಲು ಮುಗಿದು ಒಣಗಿದ ಗದ್ದೆ ಮಗುವಿಗೆ ಒಳ್ಳೆಯ ಮೈದಾನ. ಕೊಡಗಿನಲ್ಲಿ ಗೋಣಿಕೊಪ್ಪದ ಕಡೆ ಕೊಯ್ಲಾದ ಗದ್ದೆಗಳಲ್ಲೇ ಆಟೋಕ್ರಾಸ್ ನಡೆಸುತ್ತಾರೆ. ನಿಮ್ಮ ಮನೆ ಮುಂದೆ ಬಾಕಿಮಾರು, ಅಂದರೆ ಮನೆಗೆ ತಾಗಿದ ದೊಡ್ಡ ಗದ್ದೆ, ಇದ್ದರೆ ಕೇಳುವುದೇ ಬೇಡ. ಆದರೆ ಬೈಕ್ ಇಳಿಸುವ ಮುಂಚೆ ನೀವು ಒಮ್ಮೆ ಪೂರ್ತಿ ನಡೆದು ನೋಡಿ. ಕಟ್ಟೆಯಿಲ್ಲದ ಬಾವಿ, ಕೆಂಪುಕಲ್ಲು ತೆಗೆದು ಬಿಟ್ಟ ಹೊಂಡ, ಗದ್ದೆಯಂಚಿನಿಂದ ಕೆಳಗಿನ ಗದ್ದೆಗೆ ಇರುವ ಆಳ. ಎಲ್ಲಕ್ಕಿಂತ ಅಪಾಯ ಬೇಲಿಯ ಮುಳ್ಳುತಂತಿ ಮತ್ತು ಬಟ್ಟೆ ಒಣಹಾಕುವ ತಂತಿ. ನಮ್ಮ ಎದೆಗೆ ಬರುವುದು ಬೈಕ್ ಮೇಲೆ ಕೂತ ಮಗುವಿನ ಕುತ್ತಿಗೆಗೆ ಬರುತ್ತದೆ, ಓಡುವಾಗ ಅದು ಕಾಣುವುದೂ ಇಲ್ಲ. ತಂತಿಗೆ ಕೆಂಪು ಬಟ್ಟೆ ಕಟ್ಟಿ, ಓಡಿಸುವ ಗೆರೆಯನ್ನು ಅದರಿಂದ ಬಹಳ ದೂರ ಹಾಕಿ. ಮುಂದೆ ಎಂದಾದರೂ ಪೆಟ್ರೋಲ್ ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡಿ ಕಳಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಪೆಟ್ರೋಲ್ ರೈಲಿನಲ್ಲಿ ನಿಷಿದ್ಧ.

ಊರಿಗೆ ಹೋಗಿಬರುವಾಗ ಬೆಂಗಳೂರಿಗೂ ಹೋಗುವುದಿದ್ದರೆ, ಕೋಲಾರ ಜಿಲ್ಲೆಯಲ್ಲಿರುವ ಬಿಗ್ ರಾಕ್ ಡರ್ಟ್‌ಪಾರ್ಕ್ ಬಗ್ಗೆ ವಿಚಾರಿಸಿ. ಅದನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಆ ಸಲ ಅವರಿಗೆ 36ನೇ ಸ್ಥಾನ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. ಮಣ್ಣಿನ ಬೈಕ್ ಎಂದರೆ ಪುಂಡಾಟಿಕೆ ಅಲ್ಲ, ಶಿಸ್ತಿನಿಂದ ಕಲಿತರೆ ಅದೂ ಒಂದು ಕ್ರೀಡೆ ಎಂದು ಅತ್ತೆಯವರಿಗೆ ಹೇಳುವುದಿದ್ದರೆ ಈ ಇಬ್ಬರ ಹೆಸರು ಹೇಳಿ.

ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 16 ವರ್ಷದೊಳಗಿನವರು ಇಂಥ ವಾಹನ ಓಡಿಸಲೇಬಾರದು ಎಂದು 2000ದಲ್ಲೇ ಹೇಳಿದೆ. ಅವರಿಗೆ ಕಾರಣವಿದೆ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಭಾಗವಿರುತ್ತದೆ, ಅಲ್ಲಿ ಮುರಿದರೆ ಕೈಕಾಲು ಬೆಳೆಯುವುದಕ್ಕೇ ತೊಂದರೆಯಾಗಬಹುದು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ರೇಸ್ ನಡೆಯುವಾಗ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತೀರಿಕೊಂಡ. ಅದು ಡಾಂಬರು ಟ್ರ್ಯಾಕ್, ವೇಗವೂ ಬೇರೆ, ಆದರೂ ಆ ಸುದ್ದಿ ನನ್ನ ಮನಸ್ಸಿನಿಂದ ಹೋಗಿಲ್ಲ. ನಾನು ಕೊಡಿಸಬಹುದು ಎನ್ನುತ್ತಿರುವುದು ಬೇಲಿಯೊಳಗೆ, ಮಣ್ಣಿನ ಮೇಲೆ, ದೊಡ್ಡವರೊಬ್ಬರು ಪಕ್ಕದಲ್ಲಿ ಓಡಿ ಹಿಡಿಯಬಹುದಾದ ವೇಗದಲ್ಲಿ ಓಡಿಸುವುದಕ್ಕೆ ಮಾತ್ರ. ಸ್ಪರ್ಧೆ, ಜಂಪ್, ವೀಡಿಯೊ ಮಾಡಿ ಹಾಕಲು ಸ್ಟಂಟ್, ಇವು ಯಾವುದಕ್ಕೂ ಅಲ್ಲ. ಓಡಿಸುವಾಗ ಮನೆಯವರಲ್ಲಿ ಒಬ್ಬರು, ಮೊಬೈಲ್ ಜೇಬಿನಲ್ಲಿಟ್ಟುಕೊಂಡು, ಪೂರ್ತಿ ಹೊತ್ತು ಅಲ್ಲೇ ಇರುತ್ತಾರೆಂಬ ಭರವಸೆ ಇಲ್ಲದಿದ್ದರೆ ಅತ್ತೆಯವರ ಮಾತೇ ನಡೆಯಲಿ.

ಕೊನೆಯದಾಗಿ, ಜೂನ್‌ನಲ್ಲಿ ಬೈಕ್ ಕೊಳ್ಳಬೇಡಿ. ಮುಂಬೈಯಲ್ಲೂ ಕಾರ್ಕಳದಲ್ಲೂ ಆಗ ಮಳೆ ಹಿಡಿದುಕೊಂಡಿರುತ್ತದೆ, ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿರುತ್ತಾರೆ, ಸೆಪ್ಟೆಂಬರ್ ತನಕ ಬೈಕ್ ಮನೆಯಲ್ಲೇ ಕೂರುತ್ತದೆ, ಮಗ ದಿನಾ ಕಿಟಕಿಯಲ್ಲಿ ನಿಂತು ಅಳುತ್ತಾನೆ. ಹುಟ್ಟುಹಬ್ಬಕ್ಕೆ ಎರಡು ಕೈಬ್ರೇಕ್ ಇರುವ ಸೈಕಲ್ ಮತ್ತು ಆ ಹೆಲ್ಮೆಟ್ ಕೊಡಿ, ಮಳೆ ಬಿಟ್ಟಾಗಲೆಲ್ಲ ಅವನ ಅಪ್ಪ ಬ್ರೇಕ್ ಹಿಡಿಯುವುದನ್ನು ಕಲಿಸಲಿ. ದಸರೆಯ ಹೊತ್ತಿಗೆ ಮತ್ತೊಮ್ಮೆ ಗೋಡೆಗೆ ನಿಲ್ಲಿಸಿ ಪುಸ್ತಕ ಹಿಡಿಸಿ ಕಾಲು ಅಳೆಯಿರಿ, ಒಂದೆರಡು ಸೆಂಟಿಮೀಟರ್ ಹೆಚ್ಚೇ ಬಂದಿರುತ್ತದೆ. ಆಗ ಅಂಗಡಿಗೆ ಹೋಗಿ ಕೂರಿಸಿ ನೋಡಿ, ದೀಪಾವಳಿ ರಜೆಯಲ್ಲಿ ಊರಿಗೆ ಒಯ್ಯಿರಿ. ಗದ್ದೆ ಅಷ್ಟರೊಳಗೆ ಕೊಯ್ದು ಒಣಗಿದೆಯೇ ಎಂದು ಮಾತ್ರ ಹೊರಡುವ ಮೊದಲು ಮನೆಯವರಿಗೆ ಫೋನ್ ಮಾಡಿ ಕೇಳಿಕೊಳ್ಳಿ.